ಒಂದೇ ಕಂಬಿ

ಗೋಣಿಕೊಪ್ಪದಲ್ಲಿ ನನ್ನದು ಟಿಂಕರಿಂಗ್ ಶೆಡ್ಡು.
ತೋಟದ ಜೀಪು, ಮದುವೆ ಮುಗಿಸಿ ಬಂದ ಮಾರುತಿ,
ಆನೆ ಒರಗಿ ಹೋದ ಪಿಕಪ್ಪು,
ಎಲ್ಲದರ ನೆಗ್ಗೂ ಎತ್ತುತ್ತೇನೆ.
ನಮ್ಮಜ್ಜ ಐರಿ ಮಾದಯ್ಯ ಒಡಿಕತ್ತಿ ಬಡಿಯುತ್ತಿದ್ದ,
ನಾನು ಬಡಿಯುವುದು ಬಾಗಿಲು.
ಕುಲುಮೆ ಹೋಗಿ ಗ್ಯಾಸ್ ಬಂತು, ಅಷ್ಟೇ.

ಅದಕ್ಕೇ ಇರಬೇಕು,
ಮಗನ ಎದೆಯ ನಡುವೆ ಗುಳಿ ಕಂಡಾಗ
ಮೊದಲು ನನ್ನ ಕೈ ನೋಡಿಕೊಂಡೆ.

ಹುಟ್ಟಿದಾಗ ಹೆಬ್ಬೆರಳು ಒತ್ತಿದಷ್ಟು.
ಹದಿಮೂರಕ್ಕೆ ಅವನು ಬಿದಿರಿನ ಹಾಗೆ ಎದ್ದ,
ಗುಳಿ ಇಳಿಯಿತು.
ಹಾಕಿ ಮೈದಾನದಲ್ಲಿ ಅರ್ಧ ಓಡಿ ಕೋಲಿಗೆ ಒರಗುವನು,
ಜರ್ಸಿ ಬದಲಿಸಲು ಬಸ್ಸಿನ ಹಿಂದೆ ಹೋಗುವನು.
ಎರಡು ಮೊಟ್ಟೆ ಜಾಸ್ತಿ ಕೊಡಿ ಅಂದರು ನೆಂಟರು.
ಕೊಟ್ಟೆವು.
ಮೊಟ್ಟೆ ಹೋಗುವ ದಾರಿಯೇ ಬೇರೆ.

ತಂಗಿ ಬೊಳ್ಳಮ್ಮನ ಮುಂದೆ ಮಾತ್ರ ಅಂಗಿ ಬಿಚ್ಚಿ
ಚಾಪೆಯ ಮೇಲೆ ಅಂಗಾತ ಮಲಗುವನು.
ಅವಳು ಗುಳಿಯಲ್ಲೊಂದು ಗೋಲಿ ಇಟ್ಟು
ಅದು ನಡುಗುವುದನ್ನೇ ನೋಡುವಳು.
‘ಅಪ್ಪಾ, ಜೋಯಣ್ಣನ ಎದೆ ನೋಡು, ಕಪ್ಪೆಯ ಗಂಟಲು!’

ಮೈಸೂರಿನಲ್ಲಿ ಡಾಕ್ಟರ್ ಶಮೀಮಾ ಫಿಲ್ಮು ಎತ್ತಿ ಹಿಡಿದರು:
ಹೃದಯ ಎಡಕ್ಕೆ ಸರಿದು ಕೂತಿತ್ತು,
ತಿತಿಮತಿ ಬಸ್ಸಿನಲ್ಲಿ
ಮೂವರ ಸೀಟಿನ ನಾಲ್ಕನೆಯವನ ಹಾಗೆ.
ಆಮೇಲೆ ಕಂಬಿ ತೋರಿಸಿದರು,
ಗೇಣಿನ ಮೇಲೆ ನಾಲ್ಕು ಬೆರಳು.
ಉಗುರಿನಲ್ಲಿ ಮೀಟಿ ಕಿವಿಗೊಟ್ಟೆ.
‘ಒಳ್ಳೆ ಸ್ಟೀಲು’ ಅಂದೆ. ಅವರು ನಕ್ಕರು.

ಎದೆ ಸೀಳುವುದಿಲ್ಲವಂತೆ.
ಎರಡು ಪಕ್ಕೆಗೆ ಎರಡು ಸಣ್ಣ ಗಾಯ,
ಇನ್ನೊಂದು ತೂತಿನಲ್ಲಿ ಕ್ಯಾಮೆರಾ.
ಬಾಗಿಸಿದ ಕಂಬಿ ಬೆನ್ನಡಿಯಾಗಿ ನುಸುಳುತ್ತದೆ,
ಎದೆಮೂಳೆಯ ಹಿಂದೆ, ಹೃದಯದ ಮುಂದೆ.
‘ಆಮೇಲೆ ತಿರುಗಿಸುತ್ತೇವೆ’ ಎಂದು
ಮಣಿಕಟ್ಟು ಹೊರಳಿಸಿ ತೋರಿಸಿದರು.

ಆ ಮಣಿಕಟ್ಟು ನನಗೆ ಗೊತ್ತು.
ನೆಗ್ಗನ್ನು ಒಳಗಿನಿಂದಲೇ ಎತ್ತಬೇಕು,
ಹೊರಗಿಂದ ಬಡಿದರೆ ತಗಡು ಹಿಗ್ಗುತ್ತದೆ.
ಆದರೂ ಕೇಳಿದೆ: ‘ಹೃದಯಕ್ಕೂ ಕಂಬಿಗೂ ಸಂದಿ ಎಷ್ಟು?’
ಬೆರಳಿಗೆ ಬೆರಳು ತಂದು, ಕೂಡಿಸದೆ, ಹಿಡಿದರು.
ನಾನಾಗಿದ್ದರೆ ಗಾಡಿ ವಾಪಸ್ ಕಳಿಸುತ್ತಿದ್ದೆ.

ಮೂರು ಗಂಟೆ ಬೆಂಚಿನ ಮೇಲೆ.
ಕೈ ತಾನಾಗಿ ಸುತ್ತಿಗೆಯ ಹಿಡಿ ಹುಡುಕುತ್ತಿತ್ತು.

ಎತ್ತಿಬಿಟ್ಟರು. ಎದೆ ಸಮ.
ಆದರೆ ತಗಡು ರಾತ್ರಿ ಎರಡು ಗಂಟೆಗೆ
‘ಅಪ್ಪಾ’ ಎನ್ನುವುದಿಲ್ಲ.
ಸೀನು ಬರುವ ಮುನ್ನವೇ ಮಂಚದ ಸರಳು ಹಿಡಿಯುವುದಿಲ್ಲ.
ಎಂಟು ದಿನ ನಾನು ನನ್ನ ಕಸುಬಿನ ಮಾತೇ ಆಡಲಿಲ್ಲ.
ಮನೆಗೆ ಬರುವಾಗ ದಿಂಬು ಅವುಚಿಕೊಂಡು ಕೂತಿದ್ದ.
ಹುಣಸೂರಿಂದ ಇಲ್ಲಿಗೆ ಹಂಪು ನಲವತ್ತೊಂದು;
ಒಂದೊಂದಕ್ಕೂ ಅವನು ಕಣ್ಣು ಮುಚ್ಚಿದ,
ನಾನು ಪಂಚಾಯತಿಯನ್ನು ಬೈದೆ.

ಕಂಬಿ ಎಣಿಸುವುದೆಂದರೆ ಜೈಲು ಅನ್ನುತ್ತಾರೆ ಜನ.
ನಾವೂ ಎಣಿಸುತ್ತಿದ್ದೇವೆ. ಒಂದೇ ಕಂಬಿ, ಮೂರು ವರ್ಷ.
ಮುಗಿದದ್ದು ಇಪ್ಪತ್ತೆರಡು ತಿಂಗಳು.
ತೆಗೆದ ಮೇಲೆ ಅದನ್ನು ನನಗೇ ಕೊಡುವಂತೆ ಹೇಳಿಟ್ಟಿದ್ದೇನೆ.
ಏನು ಮಾಡುತ್ತೇನೋ ಗೊತ್ತಿಲ್ಲ,
ಕರಗಿಸುವುದಂತೂ ಇಲ್ಲ.

ನಿನ್ನೆ ಭಾನುವಾರ.
ಬೊಳ್ಳಮ್ಮ ಅಣ್ಣನ ಎದೆಯ ಮೇಲೆ ಗೋಲಿ ಇಟ್ಟಳು.
ನಿಲ್ಲಲಿಲ್ಲ.
ಮತ್ತೆ ಇಟ್ಟಳು, ಮತ್ತೆ ಉರುಳಿತು,
ಪಕ್ಕೆಯ ಗಾಯದ ಗೆರೆ ದಾಟಿ ನೆಲಕ್ಕೆ.
‘ಕಪ್ಪೆ ಎಲ್ಲಿ ಹೋಯಿತು?’ ಅಂದಳು, ಅಳು ಬಂದ ಹಾಗೆ.
‘ಒಳಗೇ ಇದೆ. ಸೀಟು ಸಿಕ್ಕಿತು’ ಅಂದೆ.
ನಂಬದೆ ಕಿವಿ ಇಟ್ಟು ನೋಡಿದಳು.

ಗೋಲಿ ಬೀರುವಿನ ಅಡಿ ಸೇರಿತ್ತು.
ಜೋಯಪ್ಪ ಹಾಕಿ ಕೋಲು ತಂದ,
ನೆಲಕ್ಕೆ ಎದೆಯೊಡ್ಡಿ ಬೋರಲು ಮಲಗಿದ,
ಕೋಲನ್ನು ಕತ್ತಲೆಗೆ ತೂರಿಸಿದ.

‘ಏಯ್’ ಎಂದು ಬಾಯಿಗೆ ಬಂದದ್ದು
ಅಲ್ಲೇ ನಿಂತಿತು.